ಚಿತ್ರಲಿಂಗಪ್ಪನ ಬಲಭುಜ

ಕೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೂರು ತಾಲ್ಲೂಕಿನ ನೆಟ್ಟುಗಳನ್ನು ನಡುಗಿಸಿದ ಕೈ ಅದು. ಬಾಗೂರಿನ ಬಯಲಲ್ಲಿ ಒಮ್ಮೆ ವಾಲಿಬಾಲನ್ನು ನೆಲಕ್ಕೆ ಅಪ್ಪಳಿಸಿದಾಗ ಬಿದ್ದ ಗುಂಡಿಯಲ್ಲಿ ನೀರುಕ್ಕಿ, ಬೋರ್‌ವೆಲ್ ಲಾರಿಯವರು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಊರು ಬಿಟ್ಟರಂತೆ. ಹಿರಿಯೂರಿನಲ್ಲಿ ಹೊಡೆದ ಇನ್ನೊಂದು ಚೆಂಡು ಈವತ್ತಿಗೂ ಸಿಕ್ಕಿಲ್ಲ, ಮಾರಿಕಣಿವೆಯ ನೀರು ತಳ ಕಂಡಾಗ ಸಿಕ್ಕೀತೆಂದು ಕಾಯುತ್ತಿದ್ದಾರೆ. ಜನ ಹಾಗೆ ಹೇಳುತ್ತಾರೆ, ಹೇಳುವುದನ್ನು ಮರೆತಾಗ ಚಿತ್ರಲಿಂಗಪ್ಪನೇ ನೆನಪಿಸುತ್ತಾನೆ. ಅಂಥ ಕೈ ಹೊಸದುರ್ಗದ ಒಂದು ಮಾಮೂಲಿ ಭಾನುವಾರದ ಬೆಳಗ್ಗೆ, ನಿನ್ನೆಯಷ್ಟೇ ಹೊಲಿದು ಬಂದ ಮಿರಿಮಿರಿ ನೀಲಿ ಜೆರ್ಸಿಯೊಳಗೆ, ಕಿವಿಯ ಪಕ್ಕ ಬಂದು ಬಸ್‌ಸ್ಟಾಪಿನಲ್ಲಿ ನಿಂತ ಮುದುಕಿಯ ಹಾಗೆ ನಿಂತುಬಿಟ್ಟಿತು. ಇನ್ನೊಂದು ಗೇಣು ಮೇಲಕ್ಕೆ ಎಂದರೆ ಬರಲೊಲ್ಲದು. ಬಗಲಲ್ಲಿ ಯಾರೋ ಹಿಡಿದು ಜಗ್ಗಿದಂತಾಗುತ್ತಿತ್ತು. ಗೋಡೆಯ ಕನ್ನಡಿ ಅಂಗೈಯಗಲದ್ದು, ಅದರಲ್ಲಿ ಕೈಯೂ ಕಾಣದು, ಭುಜವೂ ಕಾಣದು, ಬರೀ ಮುಖ ಕಾಣುತ್ತದೆ. ಆ ಮುಖವನ್ನು ನೋಡಿ ಚಿತ್ರಲಿಂಗಪ್ಪ ಕೈ ಇಳಿಸಿದ. ಮತ್ತೊಮ್ಮೆ ಎತ್ತಿ ನೋಡುವ ಧೈರ್ಯ ಆಗಲಿಲ್ಲ.

"ಏನ್ರಿ ಅದು, ಕನ್ನಡಿಗೆ ಸಲಾಮು ಹೊಡೀತಿದೀರೋ, ಆಟಕ್ಕೆ ಹೋಗ್ತಿದೀರೋ?" ಒಲೆಯ ಮುಂದಿನಿಂದ ಹೆಂಡತಿ ಅನುಸೂಯ ಕೇಳಿದಳು. ಅವಳು ತಿರುಗಿ ನೋಡದೆಯೇ ಎಲ್ಲವನ್ನೂ ನೋಡುವವಳು. ಮದುವೆಯ ದಿನವೇ ಅವಳು ಅವನನ್ನು ಪೂರ್ತಿ ನೋಡಿಬಿಟ್ಟಿದ್ದಳು. ಹಾರ ಹಾಕುವಾಗ ಗಂಡಿನ ಎತ್ತರಕ್ಕೆ ಸರಿಸಾಟಿಯಾಗಲೆಂದು ಅವಳ ಸೋದರಮಾವ ಮುದ್ದಣ್ಣ ಅವಳನ್ನು ಅನಾಮತ್ತು ಎತ್ತಿ ಹಿಡಿದಿದ್ದ, ಚಪ್ಪರದ ತುಂಬ ಜನ, ಅವರಲ್ಲಿ ಅರ್ಧ ವಾಲಿಬಾಲ್ ಜನ, "ಸ್ಮ್ಯಾಷ್! ಸ್ಮ್ಯಾಷ್!" ಎಂದು ಕೂಗಿದರು, ಕೂಗಿದ ಮೇಲೆ ಕೇಳಬೇಕೆ, ಚಿತ್ರಲಿಂಗಪ್ಪ ಎರಡು ಹೆಜ್ಜೆ ಓಡಿ ಜಿಗಿದೇಬಿಟ್ಟ. ಭುಜ ಕಳಕ್ಕೆಂದು ಕೀಲಿನಿಂದ ಹೊರಗೆ ಬಂತು, ಹಾರ ಮುದ್ದಣ್ಣನ ಕೊರಳಿಗೆ ಬಿತ್ತು. ಪಕ್ಕದ ಕೋಣೆಯಲ್ಲಿ ಗೆಳೆಯ ಮುಝಫರ್ ಅವನ ಕೈ ಜಗ್ಗಿ ಭುಜವನ್ನು ಒಳಗೆ ಕೂರಿಸುವವರೆಗೆ ಮುಹೂರ್ತ ಕಾಯಿತು. ಆ ರಾತ್ರಿ ಅನುಸೂಯ ಆಡಿದ ಮೊದಲ ಮಾತು, "ನೀವು ಹಾರ ಹಾಕಿದ್ದು ನಮ್ಮ ಮಾವಂಗೆ. ಸಂಸಾರ ಮಾಡಾದು ಯಾರ್ ಜತೆ ಅಂತ ಯೋಚ್ನೆ ಮಾಡಿ ಹೇಳ್ರಿ." ಅವನು ನಕ್ಕಿದ್ದ. ನಗುವಾಗಲೂ ಎಡಗೈಯಿಂದ ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ, ಕದ್ದ ಕೋಳಿಯನ್ನು ಹಿಡಿದವನ ಹಾಗೆ. ಆಮೇಲೆ ಎಷ್ಟು ವರ್ಷ ಹಾಗೆ ಹಿಡಿದುಕೊಂಡೇ ನಡೆದ! ತಲೆ ಬಾಚಲು ಕೈ ಎತ್ತಿದರೆ ಹೊರಗೆ. ನಿದ್ದೆಯಲ್ಲಿ ಮಗ್ಗುಲಾದರೆ ಹೊರಗೆ. ಹೊಸದುರ್ಗ ಹೊಳಲ್ಕೆರೆ ನಡುವಿನ ಖಾಸಗಿ ಬಸ್ಸಿನ ಕಂಡಕ್ಟರ್ ಅವನು. ಒಂದು ದಿನ ತಿರುವಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಒತ್ತಿದ, ಬಸ್ಸು ನಿಂತಿತು, ಭುಜ ನಿಲ್ಲಲಿಲ್ಲ. ಬಾಗೂರಿನ ಏಕನಾಥಮ್ಮ ಎಂಬ ಅಜ್ಜಿ ಎದ್ದು ತನ್ನ ಸೀಟು ಕೊಟ್ಟು, "ಕುಂತ್ಕಾ ಮಗಾ, ಟಿಕೀಟು ನಾನ್ ಕೊಡ್ತೀನಿ" ಎಂದು ಅವನ ಚರ್ಮದ ಚೀಲಕ್ಕೆ ಕೈ ಹಾಕಿದ್ದಳು. ಬಸ್ಸಿಗೆ ಬಸ್ಸೇ ನಕ್ಕಿತ್ತು. ಆ ನಗು ಈಗಲೂ ಕೆಲವೊಮ್ಮೆ ಊಟಕ್ಕೆ ಕೂತಾಗ ಬಂದು ಎದುರಿಗೆ ಕೂರುತ್ತದೆ.

ಆದರೆ ಮೈದಾನದಲ್ಲಿ ಯಾರೂ ನಕ್ಕಿರಲಿಲ್ಲ. ಅಲ್ಲಿ ಅವನ ಭುಜ ಹೊರಗೆ ಬರುವುದೇ ಒಂದು ಜಾತ್ರೆ. ತಂಡದ ಲಿಫ್ಟರ್ ಮುಝಫರ್, ಚೆಂಡನ್ನು ನೆಟ್ಟಿನ ಮೇಲೆ ಹೂವಿನ ಹಾಗೆ ಎತ್ತಿಕೊಡುವವನು, ತಾಲ್ಲೂಕು ಕಚೇರಿ ಎದುರಿನ ಟೈಲರ್ ಖಲೀಲುಲ್ಲಾ ಸಾಹೇಬರ ಮಗ, ತಾನೂ ಟೈಲರ್, ನಿದ್ದೆಯಲ್ಲೂ ಕೊರಳಿಗೆ ಅಳತೆ ಟೇಪು ಹಾಕಿಕೊಳ್ಳುವವನು, ಓಡಿ ಬಂದು ಅವನನ್ನು ಮಲಗಿಸಿ, ಬಗಲಿಗೆ ಹಿಮ್ಮಡಿ ಕೊಟ್ಟು, ಕೈಯನ್ನು ಮೆಲ್ಲಗೆ ಜಗ್ಗುತ್ತಿದ್ದ. ಮೈಕಿನಲ್ಲಿ ಜುಂಜಯ್ಯ ಮೇಷ್ಟ್ರು, "ಚಿತ್ರಲಿಂಗಪ್ಪನವರ ತೋಳು ಹೊರಗೆ ಬಂದಿದೆ, ಮುಝಫರ್ ಅವರು ಒಳಗೆ ಹಾಕ್ತಾ ಇದ್ದಾರೆ, ಪ್ರೇಕ್ಷಕರು ಶಾಂತಿಯಿಂದ ಸಹಕರಿಸಬೇಕು" ಎನ್ನುತ್ತಿದ್ದರು. ಕಳಕ್. ಚಪ್ಪಾಳೆ. ಮತ್ತೆ ಆಟ. ಆಟ ನೋಡಲು ಬಂದವರಿಗಿಂತ ತೋಳು ನೋಡಲು ಬಂದವರೇ ಹೆಚ್ಚು ಎಂದು ಒಂದು ಕಾಲದಲ್ಲಿ ಹೆಮ್ಮೆಯಾಗಿತ್ತು. ತೋಳು ಹೊರಗೆ ಬರದ ದಿನ ಜನ ಸಪ್ಪಗೆ ಮನೆಗೆ ಹೋಗುತ್ತಿದ್ದರು. ಮೂಳೆಯ ಮೇಲೆ ನಡೆಯುತ್ತಿದ್ದ ಆ ಉತ್ಸವಕ್ಕೆ ಮೂಳೆಯೇನೂ ಒಪ್ಪಿಗೆ ಕೊಟ್ಟಿರಲಿಲ್ಲ.

ಹತ್ತಿದ್ದು ಅವನು ದಿನವೂ ಟಿಕೆಟ್ ಹರಿಯುವ ಬಸ್ಸನ್ನೇ. ಆದರೆ ಈವತ್ತು ರಜೆ, ಈವತ್ತು ಅವನು ಪ್ಯಾಸೆಂಜರು. ಪಕ್ಕದಲ್ಲಿ ಮುಝಫರ್, ಹಿಂದಿನ ಸೀಟುಗಳಲ್ಲಿ ಉಳಿದ ಹುಡುಗರು, ಎಲ್ಲರ ಮೈಮೇಲೂ ಮುಝಫರನೇ ಹೊಲಿದ ನೀಲಿ. ರಾಮಗಿರಿಯಲ್ಲಿ ಪಂದ್ಯ, ಗೆದ್ದವರಿಗೆ ಟಗರು. ಭುಜದ ಆಪರೇಷನ್ ಆದ ಮೇಲೆ ಚಿತ್ರಲಿಂಗಪ್ಪನ ಮೊದಲ ಪಂದ್ಯ. ತೋಟದ ತೆಂಗಿನ ಮರಗಳು ಹಿಂದಕ್ಕೆ ಓಡುತ್ತಿದ್ದವು, ಒಂದೊಂದು ಮರವೂ ಕೈ ಮೇಲೆತ್ತಿ ನಿಂತಿತ್ತು. ಮರಗಳ ಮೇಲೆ ಅವನಿಗೆ ಅಸೂಯೆಯಾಯಿತು. ಡಾಕ್ಟರು ಬಿಗಿ ಕಟ್ಟಿಬಿಟ್ಟರು, ಎಂದುಕೊಂಡ. ದಾವಣಗೆರೆಯಲ್ಲಿ ಆ ಡಾಕ್ಟರು ಮೇಜಿನ ಮೇಲಿದ್ದ ತಟ್ಟೆಯನ್ನು ಎಳೆದುಕೊಂಡು, ಅದರ ಮೇಲೆ ಒಂದು ನಿಂಬೆಹಣ್ಣು ಇಟ್ಟು ತೋರಿಸಿದ್ದರು. "ಭುಜ ಅಂದ್ರೆ ಇಷ್ಟೇ. ತಟ್ಟೆಗೆ ಅಂಚಿದ್ರೆ ಹಣ್ಣು ಉರುಳಲ್ಲ. ನಿನ್ನ ತಟ್ಟೆಯ ಮುಂದಿನ ಅಂಚು ಕಿತ್ತುಹೋಗಿದೆ. ಹೊರಗೆ ಹೋದಾಗೆಲ್ಲ ಇನ್ನಷ್ಟು ಸವೆದಿದೆ. ಕಿತ್ತ ಅಂಚನ್ನ ಮತ್ತೆ ಮೂಳೆಗೆ ಸೇರಿಸಿ, ಪುಟ್ಟ ಮೊಳೆ ಕೂರಿಸಿ, ದಾರದಲ್ಲಿ ಕಟ್ತೀವಿ. ಕಟ್ಟೋದೇನೂ ದೊಡ್ಡದಲ್ಲ. ಎಷ್ಟು ಬಿಗಿ ಅನ್ನೋದು ದೊಡ್ಡದು. ಬಿಗಿ ಹೆಚ್ಚಾದ್ರೆ ಈ ಜನ್ಮದಲ್ಲಿ ಜಾರಲ್ಲ, ಆದ್ರೆ ಕೈ ಹಿಂದಕ್ಕೆ ಹೋಗಲ್ಲ, ನೀನು ಹೊಡಿಯೋಕಾಗಲ್ಲ. ಸಡಿಲ ಆದ್ರೆ ಹೊಡೀತೀಯ, ಒಂದಿನ ಮತ್ತೆ ಜಾರುತ್ತೆ. ಹೇಳು, ಉಣ್ಣೋ ಕೈ ಬೇಕೋ, ಹೊಡಿಯೋ ಕೈ ಬೇಕೋ?" ಚಿತ್ರಲಿಂಗಪ್ಪ ಎದ್ದು ನಿಂತು ಹೇಳಿದ್ದ, "ಉಣ್ಣಾಕೆ ನಮ್ಮನೆಯವಳು ತುತ್ತು ಇಡ್ತಾಳೆ ಸಾರ್. ಹೊಡಿಯಾದು ಯಾರೂ ನನ್ ಪರವಾಗಿ ಹೊಡಿಯಲ್ಲ." ಡಾಕ್ಟರು ನಕ್ಕು ಮೂಗಿನ ತುದಿಯ ಕನ್ನಡಕ ಸರಿಮಾಡಿಕೊಂಡಿದ್ದರು. ಇಡೀ ಆಸ್ಪತ್ರೆಯೇ ಆ ಮಾತಿಗೆ ಎದ್ದು ನಿಂತಿತ್ತು ಎಂದು ಅವನು ಊರಲ್ಲಿ ಹೇಳಿದ್ದಾನೆ. ಎದ್ದು ನಿಂತಿದ್ದು ಅನುಸೂಯ ಒಬ್ಬಳೇ, ಅದೂ ಅವನ ಅಂಗಿ ಹಿಡಿದು ಕೂರಿಸುವುದಕ್ಕೆ.

"ಲೇ ಚಿತ್ರ, ಬಿಸಿಲೈತೆ, ಜೆರ್ಸಿ ಬಿಚ್ಚಬ್ಯಾಡ. ಹೊಸ ಬಟ್ಟೆ, ಮೈಗೆ ಹೊಂದ್ಕಳ್ಳಿ," ಎಂದ ಮುಝಫರ್, ಕಿಟಕಿಯ ಕಡೆ ನೋಡುತ್ತ.

"ಹೂಂ."

"ಭುಜ ಹೆಂಗೈತೆ?"

"ಕಬ್ಬಿಣ," ಎಂದ ಚಿತ್ರಲಿಂಗಪ್ಪ. ಬಾಯಿ ಯಾವತ್ತೂ ಅವನನ್ನು ಕೈಬಿಟ್ಟಿಲ್ಲ. ಮುಝಫರ್ ತಲೆಯಾಡಿಸಿದ, ಮತ್ತೆ ಕಿಟಕಿ. ಒಂದು ಕಾಲದಲ್ಲಿ ಇಬ್ಬರೂ ಬಸ್ಸು ಹತ್ತಿದರೆ ಡ್ರೈವರ್ ಹಾರನ್ ಒತ್ತುವುದನ್ನೇ ಬಿಡುತ್ತಿದ್ದ, ಇವರ ಗದ್ದಲವೇ ಸಾಕಾಗುತ್ತಿತ್ತು. ಈಗ ನಡುವೆ ಒಂದು ಮಾತು ಕೂತಿದೆ. ಆ ಮಾತನ್ನು ಕೂರಿಸಿದವನು ಚಿತ್ರಲಿಂಗಪ್ಪನೇ. ಆಪರೇಷನ್ನಿನ ಮಾರನೆಯ ದಿನ ಮುಝಫರ್ ವಾರ್ಡಿಗೆ ಬಂದಿದ್ದ, ಒಂದು ಚೀಲ ಮೂಸಂಬಿ, ಜೊತೆಗೆ ಅವನೇ ಯೋಚಿಸಿ ಹೊಲಿದ ಒಂದು ಅಂಗಿ: ಬಲತೋಳಿನುದ್ದಕ್ಕೂ ಸೀಳಿ ಟಿಚ್ ಬಟನ್ ಇಟ್ಟದ್ದು, ಕಟ್ಟು ಹಾಕಿದ ಕೈಯನ್ನು ಅಲುಗಿಸದೆ ತೊಡಿಸಬಹುದಾದದ್ದು. ಅಂಥ ಅಂಗಿ ದಿಲ್ಲಿಯ ದೊಡ್ಡಾಸ್ಪತ್ರೆಯಲ್ಲೂ ಇರಲಾರದು. ಆದರೆ ಆ ಹೊತ್ತಿಗೆ ಮದ್ದಿನ ಮಂಪರು ಇಳಿದು ನೋವು ಏರುತ್ತಿತ್ತು, ಚಿತ್ರಲಿಂಗಪ್ಪನಿಗೆ ತನ್ನ ನೋವಿಗೆ ಹೊಣೆ ಮಾಡಲು ಇನ್ನೊಬ್ಬ ಬೇಕಾಗಿದ್ದ. "ನೀನು ಜಗ್ಗಿ ಜಗ್ಗಿ ಕೂರಿಸಿದ್ದಕ್ಕೇ ಅಂಚು ಸವೀತಂತೆ. ಡಾಕ್ಟ್ರೇ ಅಂದ್ರು," ಎಂದುಬಿಟ್ಟ. ಡಾಕ್ಟರು ಹಾಗೆ ಅಂದಿರಲಿಲ್ಲ. ಹೊರಗೆ ಹೋದಾಗ ಸವೆದದ್ದು ಎಂದಿದ್ದರು, ಒಳಗೆ ಕೂರಿಸಿದಾಗ ಎಂದಲ್ಲ. ಮುಝಫರ್ ಅಂಗಿ ತೊಡಿಸಿ ಬಟನ್ನುಗಳನ್ನು ಒಂದೊಂದಾಗಿ ಒತ್ತಿದ, ಟಿಚ್, ಟಿಚ್, ಟಿಚ್, ಮೊಣಕೈಯಿಂದ ಭುಜದವರೆಗೆ. ಆಮೇಲೆ ಕಟ್ಟು ಬಿಚ್ಚಿ, ಗೋಡೆಯ ಮೇಲೆ ಬೆರಳಲ್ಲಿ ಹಲ್ಲಿಯ ಹಾಗೆ ಹತ್ತಿ, ಕೋಲು ಹಿಡಿದು ತಿರುಗಿಸಿ, ತಿಂಗಳಾನುಗಟ್ಟಲೆ ಕಸರತ್ತು ಮಾಡಿ, ಕಡೆಗೆ ಚಿತ್ರಲಿಂಗಪ್ಪ ಪ್ರಾಕ್ಟೀಸಿಗೆ ಇಳಿದ ಮೇಲೂ ಮುಝಫರ್ ಅವನಿಗೆ ಎತ್ತರದ ಚೆಂಡು ಕೊಡಲೇ ಇಲ್ಲ. ಎದೆಯ ಮಟ್ಟಕ್ಕೆ ಕೊಡುತ್ತಾನೆ, ಗಲ್ಲದ ಮಟ್ಟಕ್ಕೆ ಕೊಡುತ್ತಾನೆ. ಕೂಸಿಗೆ ಚೆಂಡು ಉರುಳಿಸಿದ ಹಾಗೆ. ಕೇಳಿದರೆ, "ಡಾಕ್ಟ್ರು ಹೂಂ ಅಂದ್ರೂ ನನ್ ಕೈ ಹೂಂ ಅನ್ನವಲ್ದು."

ಡಾಕ್ಟರು ಹೋದ ತಿಂಗಳು ಹೂಂ ಅಂದಿದ್ದರು. ಕೈಯನ್ನು ಅಡ್ಡಕ್ಕೆ ಎತ್ತಿ, ಮೊಣಕೈ ಮಡಿಸಿ, ಹೊಡೆಯುವವನು ಎತ್ತುವ ಭಂಗಿಯಲ್ಲೇ ಹಿಂದಕ್ಕೆ, ಇನ್ನೂ ಹಿಂದಕ್ಕೆ ಒತ್ತಿದರು. ಒತ್ತುವಾಗ ಅವರ ಕಣ್ಣು ಭುಜದ ಮೇಲೆ ಇರಲಿಲ್ಲ. "ನಾನು ಭುಜ ನೋಡ್ತಿಲ್ಲಪ್ಪ, ನಿನ್ನ ಮುಖ ನೋಡ್ತಿದ್ದೀನಿ. ಜಾರೋ ಭುಜ ಇದ್ದೋನ ಮುಖ ಇಲ್ಲಿಗೆ ಬಂದ ಕೂಡ್ಲೇ ಬೇಡ ಅನ್ನುತ್ತೆ. ನಿನ್ನ ಮುಖ ಏನೂ ಅನ್ನಲಿಲ್ಲ. ಹೋಗು, ಹೊಡಿ." ಆವತ್ತು ಅವನು ಆಸ್ಪತ್ರೆಯ ಮೆಟ್ಟಿಲನ್ನು ಇಳಿಯಲಿಲ್ಲ, ಹಾರಿದ. ಆವತ್ತು ಹಾಗೆ ಹೋಗುತ್ತಿದ್ದ ಕೈ ಈವತ್ತು ಕಿವಿಗೇ ನಿಂತಿದೆ. ಒಳಗಿನ ದಾರ ನಿಧಾನಕ್ಕೆ ಬಿಗಿಯುತ್ತಿದೆಯೋ ಏನೋ. ಹೊಸ ಹಗ್ಗ ನೆನೆದರೆ ಬಿಗಿಯುವುದಿಲ್ಲವೆ? ಯಾರನ್ನು ಕೇಳುವುದು? ಕೇಳಿದರೆ ಮುಝಫರನ ಮುಖ ಹೇಗಾದೀತು? ಬೇಡ. ಕಬ್ಬಿಣ ಎಂದಾಗಿದೆ, ಇನ್ನು ಕಬ್ಬಿಣವಾಗಿಯೇ ಇರಬೇಕು.

ರಾಮಗಿರಿಯ ಬೆಟ್ಟದ ಕೆಳಗೆ, ರೈಲ್ವೆ ಸ್ಟೇಷನ್ನಿನ ಮಗ್ಗುಲ ಮೈದಾನದಲ್ಲಿ ಲೋಕವೇ ಸೇರಿತ್ತು. ಬೆಟ್ಟ ಸ್ವಲ್ಪ ಮುಂದಕ್ಕೆ ಬಾಗಿ ನೋಡುತ್ತಿತ್ತು ಎಂದರೂ ಸುಳ್ಳಲ್ಲ. ಕಂಬಕ್ಕೆ ಕಟ್ಟಿದ ಟಗರಿನ ಹಣೆಗೆ ಅರಿಶಿನ ಬಳಿದಿದ್ದರು. ಅದು ಎರಡೂ ತಂಡವನ್ನೂ ಒಂದೇ ತಾತ್ಸಾರದಿಂದ ನೋಡುತ್ತ ಹುಲ್ಲು ಮೆಲ್ಲುತ್ತಿತ್ತು. ಮೈಕಿನಲ್ಲಿ ಅದೇ ಜುಂಜಯ್ಯ ಮೇಷ್ಟ್ರು, "ಬರ್ರಿ, ಬರ್ರಿ, ಹಿಂದಿನೋರು ಕುಂತ್ಕಳ್ರಿ! ಹೊಸದುರ್ಗದ ಸಿಡಿಲಮರಿ, ಡಾಕ್ಟರಿಂದ ರಿಪೇರಿಯಾದ ಚಿತ್ರಲಿಂಗಪ್ಪನವರು ಕಣಕ್ಕೆ ಇಳೀತಾ ಇದ್ದಾರೆ." ರಿಪೇರಿ ಎಂಬ ಮಾತಿಗೆ ಜನ ನಕ್ಕರು. ಅವನ ಜಾಗದಲ್ಲಿ ಇಷ್ಟು ದಿನ ಹೊಡೆಯುತ್ತಿದ್ದ ಚೇತನ್‌ಕುಮಾರ್ ಹತ್ತಿರ ಬಂದು, "ಚಿತ್ರಣ್ಣ, ನೀವು ಸುಮ್ನೆ ನೆಟ್ ತಾವ ನಿಂತ್ಕಳ್ರಿ ಸಾಕು. ನಿಮ್ಮನ್ನ ನೋಡೇ ಅವ್ರು ಹೆದರ್ತಾರೆ" ಎಂದ, ಬಹಳ ಪ್ರೀತಿಯಿಂದ. ಬೆದರುಬೊಂಬೆಗೂ ಹೊಲದಲ್ಲಿ ಹೀಗೆ ಪ್ರೀತಿಯಿಂದಲೇ ಅಂಗಿ ತೊಡಿಸುತ್ತಾರೆ.

ಆದರೆ ಯಾರೂ ಹೆದರಲಿಲ್ಲ. ಮೊದಲ ಸೆಟ್ ಇವರದಾಯಿತು, ಎರಡನೆಯದು ಅವರದು, ಎರಡರಲ್ಲೂ ಚಿತ್ರಲಿಂಗಪ್ಪ ಹೊಡೆದದ್ದು ಒಂದೂ ಇಲ್ಲ, ದೂಡಿದ್ದು ಹಲವು. ಮುಝಫರ್ ಗಲ್ಲದ ಮಟ್ಟಕ್ಕೆ ಕೊಟ್ಟ, ಅವನು ಬೆರಳ ತುದಿಯಲ್ಲಿ ಆಚೆ ದಾಟಿಸಿದ. ಅವನು ಕೈ ಎತ್ತಿದರೆ ಎದುರಿಗೆ ಹೊಡೆತ ತಡೆಯಲು ನಿಂತ ಬ್ಲಾಕಿನವರು ಜಿಗಿಯುವುದನ್ನೂ ಬಿಟ್ಟರು, ಸೊಂಟಕ್ಕೆ ಕೈ ಕೊಟ್ಟು ನಿಂತರು. ಅದಕ್ಕಿಂತ ಭುಜ ಹೊರಗೆ ಬಂದಿದ್ದರೆ ವಾಸಿ ಅನ್ನಿಸಿತು. ಹೊರಗೆ ಬಂದ ಭುಜಕ್ಕೆ ಚಪ್ಪಾಳೆಯಾದರೂ ಇತ್ತು. ಒಳಗೇ ಕೂತ ಭುಜವನ್ನು ಯಾರು ಕೇಳುತ್ತಾರೆ? ಒಂದು ಕ್ಷಣ, ನಾಚಿಕೆಗೆಟ್ಟ ಒಂದೇ ಕ್ಷಣ, ಹಾಗೇ ನೆಲಕ್ಕೆ ಬಿದ್ದು ಭುಜ ಹಿಡಿದು ಕೂಗಿಬಿಡಲೇ ಎಂದುಕೊಂಡ: ಮುಝಫರ್ ಓಡಿ ಬರುತ್ತಾನೆ, ಮೊದಲಿನ ಹಾಗೆ ಬಗಲಿಗೆ ಹಿಮ್ಮಡಿ ಕೊಡುತ್ತಾನೆ, ಎಲ್ಲ ಮೊದಲಿನ ಹಾಗೆ. "ಅಜ್ಜಂಗೆ ಸೀಟು ಕೊಡ್ರಪ್ಪಾ!" ಎಂದು ಯಾರೋ ಜನರ ನಡುವಿನಿಂದ ಕೂಗಿದ. ಬಸ್ಸಿನ ನಗು ಮೈದಾನಕ್ಕೂ ಬಂತು.

ಕೊನೆಯ ಸೆಟ್, ಹದಿಮೂರು ಹದಿಮೂರು. ರಾಮಗಿರಿಯವರ ಸರ್ವಿಸ್ಸು ಹಿಂದಿನ ಸಾಲಿನ ಲಕ್ಷ್ಮೀಕಾಂತನ ಮುಂಗೈಗೆ ಬಡಿದು, ಮುಝಫರನ ತಲೆಯ ಮೇಲೆ ಹಾದು, ಯಾರ ಮಾತೂ ಕೇಳದ ಚೆಂಡಾಗಿ ನೇರ ನೆಟ್ಟಿನ ಮೂಲೆಯಲ್ಲಿ ಆಕಾಶಕ್ಕೆ ಏರಿತು. ಎಷ್ಟು ಏರಿತು? ಬೆಟ್ಟದ ನೆತ್ತಿಯಲ್ಲಿದ್ದವನು ಕೈ ಚಾಚಿದ್ದರೆ ಹಿಡಿಯಬಹುದಿತ್ತು. "ಬ್ಯಾಡ ಲೇ, ಬಿಡು!" ಮುಝಫರ್ ಕೂಗಿದ. ಕಾಲು ಕೇಳಲಿಲ್ಲ. ಕಾಲಿಗೆ ಆಪರೇಷನ್ ಆಗಿರಲಿಲ್ಲ, ಅದಕ್ಕೆ ಹಳೆಯದೆಲ್ಲ ನೆನಪಿತ್ತು. ಒಂದು, ಎರಡು, ಜಿಗಿತ. ಕೈ ಹಿಂದಕ್ಕೆ ಹೋಯಿತು, ಕಿವಿಯ ಹತ್ತಿರ ನಿಂತಿತು, ಬಗಲು ಜಗ್ಗಿತು, ಎಲ್ಲ ಮುಗಿಯಿತು ಎಂದುಕೊಂಡ, ಆದರೂ ಎತ್ತಿದ, ಪರ್ರ್ ಎಂದು ಒಂದು ಸದ್ದು, ಮೈಯೆಲ್ಲ ತಣ್ಣಗಾಯಿತು, ಕೈ ಏರಿತು, ಏರಿತು, ಚೆಂಡಿಗೆ ಬಿತ್ತು.

ಚೆಂಡು ಆಚೆ ನೆಲಕ್ಕೆ ಬಡಿದು ಎದ್ದ ಧೂಳಿನಲ್ಲಿ ರಾಮಗಿರಿಯ ಆರೂ ಜನ ಕಾಣೆಯಾದರು. ಆದರೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆ ಪರ್ರ್ ಎಲ್ಲರಿಗೂ ಕೇಳಿಸಿತ್ತು. ಚಿತ್ರಲಿಂಗಪ್ಪ ಕೆಳಗಿಳಿದು, ಕಣ್ಣು ಮುಚ್ಚಿ, ಎಡಗೈಯಿಂದ ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ನೋವಿಗಾಗಿ ಕಾದ. ನೋವು ಬರಲಿಲ್ಲ. ಇನ್ನಷ್ಟು ಕಾದ. "ಚಿತ್ರಲಿಂಗಪ್ಪನವರ ತೋಳು..." ಎಂದು ಮೈಕಿನಲ್ಲಿ ಶುರುಮಾಡಿದ ಜುಂಜಯ್ಯ ಮೇಷ್ಟ್ರು ಮುಂದೆ ಏನು ಹೇಳುವುದೆಂದು ತಿಳಿಯದೆ ನಿಂತರು. ಓಡಿ ಬಂದ ಮುಝಫರ್ ಹಳೆಯ ಅಭ್ಯಾಸದಲ್ಲಿ ಬಗಲಿಗೆ ಕೈ ಹಾಕಿದ. ಹಾಕಿದ ಕೈಯಲ್ಲಿ ಬಂದದ್ದು ನೀಲಿ ಬಟ್ಟೆ. ಜೆರ್ಸಿಯ ತೋಳು ಬಗಲಿಂದ ಬೆನ್ನವರೆಗೆ ಹರಿದು ಬಾವುಟದ ಹಾಗೆ ಜೋತಾಡುತ್ತಿತ್ತು.

"ನಿನ್ ಭುಜ ಅಲ್ಲ ಕಣ್ಲೇ," ಎಂದ ಮುಝಫರ್, ದನಿ ಸಣ್ಣಗಾಗಿತ್ತು, "ನನ್ ಹೊಲಿಗೆ."

"ಏನು?"

"ಬೇಕಂತಲೇ ಬಿಗಿ ಹೊಲಿದಿದ್ದೆ. ಡಾಕ್ಟ್ರು ಎಷ್ಟು ಬಿಗಿ ಕಟ್ಟಿದಾರೋ ನನಗೇನ್ ಗೊತ್ತು? ಮ್ಯಾಲೆ ನಂದೂ ಒಂದ್ ಕಟ್ಟು ಇರ್ಲಿ ಅಂತ ಬಗಲು ಒಳಕ್ಕೆ ಹಿಡಿದೆ. ಕೈ ಪೂರ್ತಿ ಎತ್ತದಿದ್ರೆ ಜಾರಲ್ಲ ಅಂತ."

ಬೆಳಗಿನಿಂದ ಕನ್ನಡಿಯಲ್ಲಿ, ಬಸ್ಸಿನಲ್ಲಿ, ತೆಂಗಿನ ಮರಗಳ ಮೇಲೆ ಹೊತ್ತುಕೊಂಡು ತಿರುಗಿದ ಭಾರವೆಲ್ಲ ಒಂದು ಅಂಗಿಯ ಬಗಲಿನದು! ಚಿತ್ರಲಿಂಗಪ್ಪನಿಗೆ ಕೋಪ ಬಂತು, ಅದು ಬಾಯಿಗೆ ಬರುವಷ್ಟರಲ್ಲಿ ನಗುವಾಯಿತು, ನಗುವಿನ ಹಿಂದೆ ವಾರ್ಡಿನ ಟಿಚ್ ಟಿಚ್ ಕೇಳಿಸಿತು. ಜೀವಮಾನವಿಡೀ ಬಾಯಿಂದ ಬದುಕಿದವನಿಗೆ ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಬದಲಿಗೆ ಬಲಗೈಯನ್ನು ಅಡ್ಡಕ್ಕೆ ಎತ್ತಿ, ಮೊಣಕೈ ಮಡಿಸಿ, ಮುಝಫರನ ಮುಂದೆ ಹಿಡಿದ. "ಹಿಡ್ಕಾ. ಹಿಂದಕ್ಕೆ ಒತ್ತು."

"ಬ್ಯಾಡ ಲೇ."

"ಒತ್ತು ಅಂದ್ನಲ್ಲ. ಭುಜ ನೋಡಬ್ಯಾಡ. ನನ್ ಮುಖ ನೋಡು."

ಮುಝಫರ್ ಹಿಡಿದ. ನೂರು ಸಲ ಜಗ್ಗಿದ ಕೈ ಅದು, ಒತ್ತುವುದು ಇದೇ ಮೊದಲು. ಮೊದಲು ಬೆರಳಲ್ಲಿ, ಆಮೇಲೆ ಅಂಗೈಯಲ್ಲಿ, ಆಮೇಲೆ ಇಡೀ ಮೈಭಾರದಲ್ಲಿ ಹಿಂದಕ್ಕೆ ಒತ್ತಿದ. ಅಂಪೈರ್ ಸೀಟಿ ಊದುತ್ತಿದ್ದ, ಚೇತನ್‌ಕುಮಾರ್ ಹಲ್ಲು ಕಚ್ಚಿಕೊಂಡು ಆಚೆ ತಿರುಗಿದ್ದ. ಮುಝಫರನ ಕಣ್ಣು ಚಿತ್ರಲಿಂಗಪ್ಪನ ಹುಬ್ಬನ್ನು, ತುಟಿಯನ್ನು, ದವಡೆಯನ್ನು ಒಂದೊಂದಾಗಿ ಹುಡುಕಿತು, ಸೂಜಿ ಕಳೆದುಕೊಂಡವನು ಚಾಪೆ ತಡಕಿದ ಹಾಗೆ. ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಕಿಡಿಗೇಡಿ ನಗು.

"ಬೇಡ ಅಂತೈತಾ ಮುಖ?"

"ಇಲ್ಲ," ಎಂದ ಮುಝಫರ್. ತೋಳಿನಿಂದ ಮುಖ ಒರೆಸಿಕೊಂಡು, "ಯಾ ಅಲ್ಲಾ, ಬೆವರೋ ಬೆವರು," ಎಂದ.

ಕೊನೆಯ ಪಾಯಿಂಟು. ಚೇತನ್‌ಕುಮಾರನ ಸರ್ವಿಸ್ಸು ಆಚೆ ಹೋಯಿತು, ರಾಮಗಿರಿಯವರು ಹೊಡೆದರು, ಲಕ್ಷ್ಮೀಕಾಂತ ನೆಲಕ್ಕೆ ಉರುಳಿ ಎತ್ತಿದ, ಚೆಂಡು ಮುಝಫರನ ಹತ್ತು ಬೆರಳ ಮೇಲೆ ಬಂದು ಇಳಿಯಿತು. ಅಲ್ಲಿ ಅದು ಎಷ್ಟು ಹೊತ್ತು ಕೂತಿತ್ತು! ಮುಝಫರ್ ಚೆಂಡನ್ನು ನೋಡುತ್ತಿರಲಿಲ್ಲ, ನೆಟ್ಟನ್ನೂ ನೋಡುತ್ತಿರಲಿಲ್ಲ. ಆಮೇಲೆ ಚೆಂಡು ಎದ್ದಿತು. ಗಲ್ಲದ ಮಟ್ಟವಲ್ಲ, ತಲೆಯ ಮಟ್ಟವಲ್ಲ, ಆಪರೇಷನ್ನಿಗೂ ಮುಂಚಿನ, ಮದುವೆಗೂ ಮುಂಚಿನ, ಇಬ್ಬರೂ ಹೈಸ್ಕೂಲು ಮೈದಾನದಲ್ಲಿ ಹರಿದ ಚೆಂಡಿಗೆ ತೇಪೆ ಹಾಕಿ ಆಡುತ್ತಿದ್ದ ಕಾಲದ ಎತ್ತರಕ್ಕೆ. ಬ್ಲಾಕಿನವರು ಈ ಸಲ ಜಿಗಿದರು, ಮೂವರೂ ಜಿಗಿದರು, ಮೂವರ ಕಣ್ಣಲ್ಲೂ ಹೆದರಿಕೆ ಕಂಡು ಅವನಿಗೆ ಅಮ್ಮನ ಕೈಯ ಊಟ ಉಂಡ ಹಾಗಾಯಿತು. ಕೈ ಹಿಂದಕ್ಕೆ ಹೋಯಿತು. ಅಲ್ಲಿ, ಎಲ್ಲಿ ಮುಖ ಬೇಡ ಎನ್ನುತ್ತಿತ್ತೋ ಅಲ್ಲಿ, ಈಗ ಯಾರೂ ಇರಲಿಲ್ಲ. ಬಾಗಿಲು ತೆಗೆದಿಟ್ಟ ಖಾಲಿ ಮನೆ, ಗಾಳಿ, ಬೆಳಕು. ಅಲ್ಲಿಂದ ಹೊಡೆದ.

ಆಗ ಸ್ಟೇಷನ್ನಿಗೆ ಬರುತ್ತಿದ್ದ ರೈಲು ಆ ಸದ್ದಿಗೆ ತಾನಾಗೇ ನಿಂತಿತು ಎಂದು ರಾಮಗಿರಿಯವರೇ ಒಪ್ಪುತ್ತಾರೆ. ಅಲ್ಲಿ ರೈಲು ನಿಲ್ಲಲೇಬೇಕು, ಅದು ಸ್ಟೇಷನ್ನು ಎಂದು ಯಾರಾದರೂ ತಕರಾರು ತೆಗೆದರೆ ಅಂಥವರ ಜೊತೆ ಚಿತ್ರಲಿಂಗಪ್ಪ ವಾದಿಸುವುದಿಲ್ಲ. "ತೋಳು ಒಳಗೇ ಇದೆ! ಪ್ರೇಕ್ಷಕರೇ, ತೋಳು ಒಳಗೇ ಇದೆ!" ಎಂದು ಜುಂಜಯ್ಯ ಮೇಷ್ಟ್ರು ಮೈಕು ನುಂಗುವವರ ಹಾಗೆ ಕಿರುಚುತ್ತಿದ್ದರು, ಅಜ್ಜಂಗೆ ಸೀಟು ಕೊಡಿ ಎಂದವನೇ ಮೊದಲು ಓಡಿ ಬಂದು ಕಾಲು ತಬ್ಬಿಕೊಂಡ. ಟಗರನ್ನು ಬಿಚ್ಚಿ ತಂದರು. ಗೆದ್ದ ತಂಡದ ದೊಡ್ಡ ಹೊಡೆತಗಾರ ಟಗರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಬೇಕು, ಅದು ರೂಢಿ. "ಚಿತ್ರಣ್ಣ ಬ್ಯಾಡ, ನಾನು ಹೊರ್ತೀನಿ," ಎಂದು ಚೇತನ್‌ಕುಮಾರ್ ಕೈ ಚಾಚಿದ. ಎಲ್ಲರೂ ಮುಝಫರನ ಮುಖ ನೋಡಿದರು. ಮುಝಫರ್ ಬಗ್ಗಿ, ಟಗರನ್ನು ಎರಡೂ ತೋಳಲ್ಲಿ ಬಾಚಿ ಎತ್ತಿ, ಚಿತ್ರಲಿಂಗಪ್ಪನ ಹೆಗಲ ಮೇಲೆ ತಾನೇ ಇಟ್ಟ. ಬಲ ಹೆಗಲಿಗೇ ಹೆಚ್ಚು ಭಾರ ಬೀಳುವ ಹಾಗೆ ಇಟ್ಟ. ಆನೆಯಷ್ಟು ತೂಕದ ಟಗರು, ಅರಿಶಿನವೆಲ್ಲ ಕಿವಿಗೆ ಮೆತ್ತಿತು. ಚಿತ್ರಲಿಂಗಪ್ಪ ಮುಂಗಾಲನ್ನು ಬಲಗೈಯಲ್ಲೂ ಹಿಂಗಾಲನ್ನು ಎಡಗೈಯಲ್ಲೂ ಹಿಡಿದು, ಹರಿದ ತೋಳನ್ನು ಗಾಳಿಗೆ ಬಿಟ್ಟು, ಬೆಟ್ಟಕ್ಕೆ ಒಂದು ಸಲ, ರೈಲಿಗೆ ಒಂದು ಸಲ ತಿರುಗಿ ತೋರಿಸಿದ.

ಅರ್ಧ ಸುತ್ತು ಬರುವಷ್ಟರಲ್ಲಿ ಮುಝಫರ್ ಜನರನ್ನು ತಳ್ಳಿಕೊಂಡು ಪಕ್ಕಕ್ಕೆ ಬಂದ. ಕೊರಳಿನ ಟೇಪು ಕೈಗೆ ಬಂದಿತ್ತು.

"ಲೇ, ಟಗರು ಇಳ್ಸೋ. ಜೆರ್ಸಿ ಮತ್ತೆ ಹೊಲೀಬೇಕು, ಬಗಲಿನ ಅಳತೆ ತಗಂತೀನಿ."

ಚಿತ್ರಲಿಂಗಪ್ಪ ನಿಂತ. ಟಗರನ್ನು ಹೆಗಲಿಂದ ಎತ್ತಿ, ಎರಡೂ ಕೈಯಲ್ಲಿ, ತಲೆಗಿಂತ ಮೇಲೆ, ಆಕಾಶಕ್ಕೆ ಹಿಡಿದ.

"ಹಿಂಗೇ ತಗಾ," ಎಂದ.